ನದಿಗೆ ಅಡ್ಡ ಎದ್ದ ನೆಲ

ಕಚ್ಛ್‌ನ ಲಖಪತ್ ಕೋಟೆಯ ಗೋಡೆ ಹತ್ತಿ ಉತ್ತರಕ್ಕೆ ನೋಡಿದರೆ ಕಣ್ಣು ಹಾಯುವಷ್ಟೂ ಉಪ್ಪು ಮೆತ್ತಿದ ಕೆಸರು, ಅದರಾಚೆ ಕೋರಿ ಕ್ರೀಕ್‌ನ ನೀರು. ಗೋಡೆಯ ಸುತ್ತಳತೆಯೇ ಸುಮಾರು ಏಳು ಕಿಲೋಮೀಟರ್. ಒಳಗೆ ಒಂದು ಗುರುದ್ವಾರ, ಒಂದು ಸುಂದರ ಗೋರಿ, ಬೆರಳೆಣಿಕೆಯ ಮನೆಗಳು. ಉಳಿದ ಜಾಗವನ್ನೆಲ್ಲ ನಮ್ಮ ಬಯಲುಸೀಮೆಯವರಿಗೆ ಚೆನ್ನಾಗಿ ಗೊತ್ತಿರುವ ಬಳ್ಳಾರಿ ಜಾಲಿ ನುಂಗಿದೆ. ಇಷ್ಟು ದೊಡ್ಡ ಗೋಡೆ ಕಾಯುತ್ತಿದ್ದದ್ದಾದರೂ ಏನನ್ನು? ಹಡಗುಗಳು ಬರುತ್ತಿದ್ದ ಒಂದು ಬಂದರನ್ನು.

ಭೂಕಂಪ ಎಂದೊಡನೆ ನಾವು ಸತ್ತವರನ್ನು ಎಣಿಸುತ್ತೇವೆ. 1755ರ ಲಿಸ್ಬನ್, 1923ರ ಟೋಕಿಯೊ, ಕಲಬುರಗಿ-ಬೀದರ್‌ಗಳನ್ನೂ ನಡುಗಿಸಿದ 1993ರ ಕಿಲ್ಲಾರಿ ಎಲ್ಲವೂ ನಮ್ಮ ನೆನಪಿನಲ್ಲಿರುವುದು ಹಾಗೆಯೇ. ಆ ಲೆಕ್ಕದಲ್ಲಿ 1819ರ ಜೂನ್ 16ರ ಸಂಜೆ ಕಚ್ಛ್‌ನಲ್ಲಿ ಆದದ್ದು ಸಣ್ಣದು: ಸತ್ತವರು ಒಂದೂವರೆ ಸಾವಿರದಷ್ಟು. ಭುಜ್, ಅಂಜಾರ್ ಕುಸಿದವು. ದೂರದ ಅಹಮದಾಬಾದಿನ ಜಾಮಾ ಮಸೀದಿಯ ಮಿನಾರುಗಳೂ ಉರುಳಿದವು. ಆದರೆ ಆ ಸಂಜೆ ಭೂಪಟವನ್ನೇ ಬದಲಿಸಿತು. ರಣ್ ಎಂಬ ಉಪ್ಪು ಬಯಲಿನ ಸಮತಟ್ಟು ನೆಲದಲ್ಲಿ ಎಂಬತ್ತು ಕಿಲೋಮೀಟರಿಗೂ ಉದ್ದದ ದಿಬ್ಬವೊಂದು ಎದ್ದಿತು. ಕೆಲವೆಡೆ ಅದರ ಎತ್ತರ ಆರು ಮೀಟರ್‌ವರೆಗೆ. ಸಿಂಧೂ ನದಿಯ ಪೂರ್ವದ ಕವಲಿಗೆ ಅದು ಅಡ್ಡಬಿತ್ತು. ಜನ ಅದನ್ನು ಅಲ್ಲಾ ಬಂಡ್ ಎಂದರು, ದೇವರು ಕಟ್ಟಿದ ಒಡ್ಡು.

ದಿಬ್ಬದ ದಕ್ಷಿಣಕ್ಕಿದ್ದ ಸಿಂಡ್ರಿ ಕೋಟೆಯ ಕಥೆಯೇ ನನ್ನನ್ನು ಇಲ್ಲಿಗೆ ಎಳೆತಂದದ್ದು. ಕಚ್ಛ್ ರಾಜರು ಸುಂಕ ವಸೂಲಿ ಮಾಡುತ್ತಿದ್ದ ಪುಟ್ಟ ಠಾಣೆ ಅದು. ಉತ್ತರದ ನೆಲ ಮೇಲೆದ್ದಾಗ ಈ ಬದಿಯ ನೆಲ ಕುಸಿಯಿತು, ಕುಸಿದಲ್ಲಿಗೆ ಸಮುದ್ರ ನುಗ್ಗಿತು. ಅಲ್ಲಿದ್ದವರು ಬುರುಜು ಹತ್ತಿ ಜೀವ ಉಳಿಸಿಕೊಂಡರು. ಮರುದಿನ ದೋಣಿಗಳು ಬಂದು ಅವರನ್ನು ಇಳಿಸಿದವು. ಕೆಲ ವರ್ಷಗಳ ನಂತರ ಅಲೆಕ್ಸಾಂಡರ್ ಬರ್ನ್ಸ್ ಎಂಬ ಅಧಿಕಾರಿ ಅಲ್ಲಿಗೆ ದೋಣಿಯಲ್ಲೇ ಹೋದ. ಸುತ್ತ ಬರೀ ನೀರು, ನಡುವೆ ಒಂದೇ ಒಂದು ಬುರುಜು. ಭೂವಿಜ್ಞಾನಿ ಚಾರ್ಲ್ಸ್ ಲಯೆಲ್ ತನ್ನ ‘ಪ್ರಿನ್ಸಿಪಲ್ಸ್ ಆಫ್ ಜಿಯಾಲಜಿ’ಯಲ್ಲಿ ಈ ವರದಿಯನ್ನು ಬಳಸಿಕೊಂಡ; ನೆಲ ಏರುವುದು, ಇಳಿಯುವುದು ಪುರಾಣಕಾಲದ ಮಾತಲ್ಲ, ಇಂದಿಗೂ ನಡೆಯುತ್ತಿದೆ ಎಂಬ ಅವನ ವಾದಕ್ಕೆ ಸಿಂಡ್ರಿ ಕಣ್ಣೆದುರಿನ ಸಾಕ್ಷಿಯಾಯಿತು. ಮುಳುಗುವ ಮೊದಲಿನ ಕೋಟೆಯ ಚಿತ್ರವೂ ಆ ಗ್ರಂಥದಲ್ಲಿದೆ, ಗ್ರಿಂಡ್ಲೆ ಎಂಬ ಸೇನಾಧಿಕಾರಿ 1808ರಲ್ಲಿ ಬರೆದದ್ದು. ನಾನು ಮತ್ತೆ ಮತ್ತೆ ನೋಡುವ ಚಿತ್ರ ಅದು. ಹನ್ನೊಂದು ವರ್ಷಗಳಲ್ಲಿ ಕಡಲಾಗಲಿದ್ದ ಜಾಗದ ದಡದಲ್ಲಿ ಅವನು ನಿರಾಳವಾಗಿ ಕೂತು ಗೆರೆ ಎಳೆದಿದ್ದಾನೆ.

ಲಖಪತ್‌ಗೆ ಆ ಹೆಸರು ಬಂದದ್ದು ದಿನಕ್ಕೆ ಲಕ್ಷ ಕೋರಿ ನಾಣ್ಯ ಸಂಪಾದನೆಯಿಂದ ಎಂದು ಇಲ್ಲಿ ಹೇಳುತ್ತಾರೆ. ನನಗೆ ನಂಬಿಕೆ ಬರಲಿಲ್ಲ. ಭೂಕಂಪ ಒಂದೇ ಏಟಿಗೆ ಊರನ್ನು ಕೊಂದಿತು ಎಂಬುದನ್ನೂ ಪೂರ್ತಿ ಒಪ್ಪಲಾರೆ. 1760ರ ದಶಕದಲ್ಲೇ ಸಿಂಧ್‌ನ ದೊರೆ ಗುಲಾಂ ಶಾ ಕಲ್ಹೋರಾ ಮೇಲ್ಗಡೆ ಒಡ್ಡು ಹಾಕಿ ಕಚ್ಛ್‌ನ ನೀರು ಕತ್ತರಿಸಿದ್ದ. ಭತ್ತದ ಗದ್ದೆಗಳು ಆಗಲೇ ಒಣಗಿದ್ದವು. ಮನುಷ್ಯ ಶುರುಮಾಡಿದ್ದನ್ನು ನೆಲ ಪೂರೈಸಿತು. 1826ರಲ್ಲಿ ಸಿಂಧೂ ಉಕ್ಕಿ ಹರಿದು ಅಲ್ಲಾ ಬಂಡನ್ನು ಕೊರೆದುಕೊಂಡು ಸಿಂಡ್ರಿಯ ಸುತ್ತ ನಿಂತಿದ್ದ ಸರೋವರ ಸೇರಿತು, ಆದರೆ ಹಳೆಯ ಬೇಸಾಯ ಮರಳಲಿಲ್ಲ. ವ್ಯಾಪಾರಿಗಳು ಗಂಟು ಕಟ್ಟಿದರು.

2001ರ ಜನವರಿ 26ರಂದು ಕಚ್ಛ್ ಮತ್ತೆ ನಡುಗಿದ್ದು ಓದುಗರಿಗೆ ಗೊತ್ತೇ ಇದೆ. ಆಗ ಅಲುಗಿದ್ದು ಭಚಾವ್ ಕಡೆಯ ಬೇರೊಂದು ಸ್ತರಭಂಗ. ಬಿರುಕು ಆಳದಲ್ಲೇ ನಿಂತಿತು, ಅಲ್ಲಾ ಬಂಡ್‌ನಂಥ ದಿಬ್ಬ ಏಳಲಿಲ್ಲ. ಕಲ್ಲಿನ ಮನೆಗಳು, ಬಹುಮಹಡಿ ಕಟ್ಟಡಗಳು ಉರುಳಿದಲ್ಲೂ ಭೂಂಗಾ ಎಂಬ ದುಂಡನೆಯ ಮಣ್ಣಿನ ಮನೆಗಳು ಬಹಳಷ್ಟು ನಿಂತವು. ಗೋಡೆ ದುಂಡಗಿದ್ದರೆ ಅದುರಿನ ಹೊಡೆತ ಮೂಲೆಯಲ್ಲಿ ಸೇರಿಕೊಳ್ಳುವುದಿಲ್ಲ, ಹುಲ್ಲಿನ ಸೂರು ಹಗುರ. ಹಳ್ಳಿಗರ ಈ ಜಾಣ್ಮೆಯನ್ನು ಪ್ರವಾಸಿಗಳ ರೆಸಾರ್ಟಿಗಷ್ಟೇ ಬಿಡುವುದು ನನಗೆ ಸರಿಕಾಣದು.

ಈಗ ಅಲ್ಲಾ ಬಂಡ್‌ನ ಒಂದು ಭಾಗ ಗಡಿಯಾಚೆ, ಪಾಕಿಸ್ತಾನದಲ್ಲಿದೆ. ಈಚೆಗಿನ ರಣ್‌ನಲ್ಲಿ ಭೂವಿಜ್ಞಾನಿಗಳಾದ ಸಿ.ಪಿ. ರಾಜೇಂದ್ರನ್ ಮತ್ತು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾದ ಕುಸಲಾ ರಾಜೇಂದ್ರನ್ ಗುಂಡಿ ತೋಡಿ, ಅದುರಿದಾಗ ನೆಲದಡಿಯಿಂದ ಚಿಮ್ಮಿ ಬಂದ ಮರಳಿನ ಪದರಗಳನ್ನು ಪರೀಕ್ಷಿಸಿದರು. 1819ರ ಗುರುತಿನ ಕೆಳಗೆ, ಸುಮಾರು 800ರಿಂದ 1000 ವರ್ಷ ಹಿಂದಿನ ಇನ್ನೊಂದು ಭೂಕಂಪದ ಗುರುತು ಅವರಿಗೆ ಸಿಕ್ಕಿತು.