ದಾನಚಿಂತಾಮಣಿಯೂ ಧನಸಹಾಯದ ಅರ್ಜಿಯೂ

ಮುಧೋಳ ತಾಲೂಕಿನ ರನ್ನ ಬೆಳಗಲಿಗೆ ಹೋದಾಗಲೆಲ್ಲ ನನ್ನನ್ನು ಒಂದು ವಿಚಾರ ಕಾಡುತ್ತದೆ. ಈ ಊರು ತನ್ನ ಹೆಸರಿನ ಮುಂದೆ ಒಬ್ಬ ಕವಿಯ ಹೆಸರನ್ನು ಧರಿಸಿಕೊಂಡಿದೆ. ಆ ಕವಿಯಾದರೋ ಅರಸುಮಗನಲ್ಲ, ಮಂತ್ರಿಯ ಮಗನೂ ಅಲ್ಲ. 949ರಲ್ಲಿ ಬಳೆಗಾರರ ಮನೆತನದಲ್ಲಿ ಹುಟ್ಟಿದವನು. ವಿದ್ಯೆಯನ್ನರಸಿ ಹುಟ್ಟಿದ ಸೀಮೆಯನ್ನು ಬಿಟ್ಟು ಗಂಗರ ನಾಡಿಗೆ ನಡೆದ. ಅಲ್ಲಿ ಅಜಿತಸೇನಾಚಾರ್ಯರು ಗುರುಗಳಾದರು, ಚಾವುಂಡರಾಯನು ಆಶ್ರಯವಿತ್ತನು. ಚಾಲುಕ್ಯ ತೈಲಪನು ಕೊಟ್ಟ ‘ಕವಿಚಕ್ರವರ್ತಿ’ ಎಂಬ ಬಿರುದು ಬಂದದ್ದು ಆಮೇಲೆ. ಮೊದಲು ಗುರು, ಅನಂತರ ಬಿರುದು. ಈ ಕ್ರಮವನ್ನು ನಾವು ನೆನಪಿನಲ್ಲಿಡುವುದು ಒಳ್ಳೆಯದು.

ರನ್ನನಿಂದ 993ರಲ್ಲಿ ‘ಅಜಿತಪುರಾಣ’ವನ್ನು ಬರೆಯಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬ ಕೀರ್ತಿಯೂ ಆಕೆಯದು. ಓಲೆ, ಕಂಠ, ಬರೆಯುವವನ ಹೊಟ್ಟೆಪಾಡು, ಇವೆಲ್ಲವೂ ಆ ದಾನದ ಲೆಕ್ಕದಲ್ಲಿ ಸೇರಿದ್ದವು. ಆಕೆ ಕಾವ್ಯವನ್ನು ಸನ್ಮಾನಿಸಿದ್ದಷ್ಟೇ ಅಲ್ಲ, ಅದು ಮುಂದಿನ ತಲೆಮಾರಿಗೆ ದಾಟುವ ದಾರಿಯನ್ನೂ ಮಾಡಿಕೊಟ್ಟಳು. ಆಶ್ರಯಕ್ಕೆ ಒಂದು ಬೆಲೆಯೂ ಇತ್ತೆನ್ನಿ. ‘ಗದಾಯುದ್ಧ’ದಲ್ಲಿ ಭೀಮನೊಡನೆ ಅರಸು ಸತ್ಯಾಶ್ರಯನೂ ಒಂದಾಗಿ ನಿಂತಿದ್ದಾನೆ. ಕೊಟ್ಟವರು ಕೃತಿಯೊಳಗೆ ಬಂದು ಕೂಡುವುದು ಅಂದಿನ ಪದ್ಧತಿ.

ಇಂದು ಆ ಅರಸರ ಸ್ಥಾನದಲ್ಲಿ ಸರಕಾರವಿದೆ. ದಿಲ್ಲಿಯಲ್ಲಿ ಸಂಗೀತ ನಾಟಕ ಅಕಾಡೆಮಿ ಸ್ಥಾಪನೆಯಾದದ್ದು 1953ರಲ್ಲಿ. ನಮ್ಮ ರಾಜ್ಯದಲ್ಲಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಿದೆ, ಅಕಾಡೆಮಿಗಳಿವೆ. ಬಯಲಾಟ ಅಕಾಡೆಮಿಯಂತೂ ನಮ್ಮ ಬಾಗಲಕೋಟೆಯಲ್ಲಿಯೇ ಇದೆ. ಬ್ರಿಟನ್ನಿನಲ್ಲಿ 1946ರಲ್ಲಿ ಕಲಾ ಮಂಡಳಿಯನ್ನು ಕಟ್ಟಿದಾಗ, ಸರಕಾರ ಹಣ ಕೊಡಲಿ, ಆದರೆ ಮಾರುದೂರ ನಿಲ್ಲಲಿ ಎಂಬ ಧೋರಣೆ ಅಲ್ಲಿ ಬೆಳೆಯಿತು. ಕೊಡುವ ಕೈ ಹಾಡುವವನ ಕೊರಳನ್ನು ಹಿಡಿಯಬಾರದೆಂಬುದು ಅದರ ತಿರುಳು.

ಈ ಹಣ ಯಾರದು? ಬೆಂಕಿಪೆಟ್ಟಿಗೆಯನ್ನು ಕೊಳ್ಳುವವನೂ ತೆರಿಗೆ ತೆರುತ್ತಾನೆ. ಬಯಲಲ್ಲಿ ಚಾಪೆ ಹಾಸಿಕೊಂಡು ಆಟ ನೋಡುವವನೇ ನಿಜವಾದ ಆಶ್ರಯದಾತ. ಆದುದರಿಂದ ಸಂಘದ ನೋಂದಣಿ, ಲೆಕ್ಕಪರಿಶೋಧನೆಯ ವರದಿ, ಹಣ ಬಳಕೆಯ ಪ್ರಮಾಣಪತ್ರ ಇವನ್ನು ಕೇಳುವುದು ಅನ್ಯಾಯವಲ್ಲ. ನನ್ನ ತಕರಾರು ಬೇರೆ.

ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಶ್ರೀಕೃಷ್ಣ ಪಾರಿಜಾತದ ಮೇಳದವರು ಧನಸಹಾಯದ ನಮೂನೆಯನ್ನು ಹಿಡಿದು ನನ್ನ ಮನೆಗೆ ಬಂದರು. ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆಳೆದ, ಕೌಜಲಗಿ ನಿಂಗಮ್ಮನಂಥ ಕಲಾವಿದೆಯನ್ನು ಕಂಡ ಆಟವದು. ವೇದಿಕೆ, ಧ್ವನಿವರ್ಧಕ, ಪ್ರಚಾರ, ಪ್ರಯಾಣ ಎಂದು ನಾನು ಒಂದೊಂದೇ ಸಾಲನ್ನು ತುಂಬುತ್ತ ಹೋದೆ. ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದ ಹಿರಿಯ ಭಾಗವತರು ಕೇಳಿದರು:

“ಅಲ್ಲರಿ ಸರ, ಆಟ ಆಡೂದು ಒಂದ ರಾತ್ರಿ. ಹುಡುಗರಿಗೆ ಆರು ತಿಂಗಳ ಕಲಿಸೇನಿ. ಅದರ ಲೆಕ್ಕಾ ಯಾವ ಸಾಲಿನ್ಯಾಗ ಬರೀತೀರಿ?”

ಆ ನಮೂನೆಯಲ್ಲಿ ಅಂಥ ಸಾಲು ಇರಲಿಲ್ಲ.

ಅರ್ಜಿ ಮಂಜೂರಾಯಿತು. ಆದರೆ ಹಣ ಬರುವುದು ಆಟ ಮುಗಿದು, ರಸೀದಿಗಳನ್ನು ಸಲ್ಲಿಸಿದ ಮೇಲೆ. ಅಲ್ಲಿಯವರೆಗೆ ಮೇಳದವರು ಕೈಗಡ ತಂದರು. ಹಣ ಕೈಸೇರುವಷ್ಟರಲ್ಲಿ, ಸತ್ಯಭಾಮೆಯ ಪಾತ್ರವನ್ನು ಕಲಿಯುತ್ತಿದ್ದ ಹುಡುಗ ಕಬ್ಬು ಕಡಿಯುವವರ ಗುಂಪಿನೊಡನೆ ಊರು ಬಿಟ್ಟಿದ್ದ. ಭಾಗವತರು ಅವನಿಗೆ ಅರ್ಧ ಮಾತ್ರ ಕಲಿಸಿದ್ದರು. ಉಳಿದರ್ಧ ಅವರಲ್ಲಿಯೇ ಉಳಿಯಿತು.

2025ರ ಫೆಬ್ರುವರಿಯಲ್ಲಿ, ಕೆಲವು ವರ್ಷಗಳ ಅಂತರದ ಬಳಿಕ, ಬೆಳಗಲಿ ಮತ್ತು ಮುಧೋಳಗಳಲ್ಲಿ ‘ರನ್ನ ವೈಭವ’ ನಡೆಯಿತು. ಉತ್ಸವ ಬೇಡವೆನ್ನುವ ಅರಸಿಕ ನಾನಲ್ಲ. ಉತ್ಸವದಲ್ಲಿ ನಾವು ಫಲವನ್ನು ಕಾಣುತ್ತೇವೆ. ಬೇರಿಗೆ ನೀರೆರೆಯುವ ಕೆಲಸ ಉಳಿದ ದಿನಗಳದು. ಗುರುವಿಗೂ ಶಿಷ್ಯರಿಗೂ ತಿಂಗಳು ತಿಂಗಳು ನೆರವು ನೀಡುವ ಕೇಂದ್ರ ಸರಕಾರದ ಯೋಜನೆಯೊಂದು ಇದೆ, ನಿಜ. ಆದರೆ ಕಾಗದಪತ್ರದಲ್ಲಿ ಪಳಗಿದ ಸಂಸ್ಥೆಗಳಿಗೆ ಅದು ಹತ್ತಿರ, ಹಳ್ಳಿಯ ಮೇಳಕ್ಕೆ ದೂರ.

ಆಗಬೇಕಾದದ್ದು ದೊಡ್ಡದೇನಲ್ಲ. ಪ್ರತಿಯೊಂದು ನಮೂನೆಯಲ್ಲಿಯೂ ಕಲಿಕೆಯ ವೆಚ್ಚಕ್ಕೆ ಒಂದು ಸಾಲು ಇರಲಿ. ಮಂಜೂರಾದ ಹಣದ ಒಂದು ಪಾಲು ಮುಂಗಡವಾಗಿ ದೊರೆಯಲಿ. ಇನ್ನೊಂದು ಮಾತು, ಇದು ಓದುಬರಹ ಬಲ್ಲ ನಮಗೆ ಸಂಬಂಧಿಸಿದ್ದು: ನಮ್ಮ ನಮ್ಮ ಊರಿನ ಒಂದೊಂದು ಮೇಳದ ಅರ್ಜಿಯನ್ನೂ ಲೆಕ್ಕವನ್ನೂ ನಾವೇ ಬರೆದುಕೊಡಬಹುದಲ್ಲವೆ? ಅತ್ತಿಮಬ್ಬೆಯ ಸಂಪತ್ತು ನಮಗಿಲ್ಲದಿರಬಹುದು. ಆಕೆಯ ಪ್ರತಿಗಳನ್ನು ಬರೆದ ಲಿಪಿಕಾರರ ಕೆಲಸವಾದರೂ ನಮ್ಮ ಕೈಲಾದೀತು.

ಆ ಭಾಗವತರು ಈಗಲೂ ಸಂಜೆ ತಾಳ ಹಿಡಿದು ಗುಡಿಯ ಕಟ್ಟೆಗೆ ಬರುತ್ತಾರೆ. ಕಲಿಯುವವರು ಬಂದರೆ ಕಲಿಸುತ್ತಾರೆ.