ಬಜ್ಪೆಯಿಂದ ಮಂಡಕಳ್ಳಿಗೆ: ಆಕಾಶದ ದೂರ, ಮನೆಯ ದೂರ

ಮೈಸೂರು ಸೀಮೆಯಲ್ಲಿ ಬಂಧುಗಳ ಮದುವೆಯೋ ಸುತ್ತೂರಿನ ಜಾತ್ರೆಯೋ ಬಂದಾಗ, ಪುತ್ತೂರು, ಸುಳ್ಯ, ಕಡಬಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ ಒಂದು ಮಾತು ಏಳುವುದುಂಟು. ವಯಸ್ಸಾದ ತಾಯಿಯವರನ್ನು ಘಟ್ಟದ ತಿರುವುಗಳಲ್ಲಿ ಕುಲುಕಾಡಿಸಿ ಕರೆದೊಯ್ಯುವುದಕ್ಕಿಂತ ವಿಮಾನವೇ ಲೇಸಲ್ಲವೆ? ಪ್ರಶ್ನೆ ಸಹಜವಾದುದು. ಉತ್ತರ ಮಾತ್ರ ಟಿಕೆಟಿನಲ್ಲಿ ಅಚ್ಚಾದ ವೇಳೆಯಷ್ಟು ಸರಳವಲ್ಲ.

ಮಂಗಳೂರಿನ ಬಜ್ಪೆ ನಿಲ್ದಾಣದಿಂದ ಮೈಸೂರಿನ ಮಂಡಕಳ್ಳಿ ನಿಲ್ದಾಣಕ್ಕೆ ಆಕಾಶಮಾರ್ಗದಲ್ಲಿ ಸುಮಾರು 208 ಕಿಲೋಮೀಟರು. 1.852 ಕಿ.ಮೀ.ಗೆ ಒಂದರಂತೆ ವೈಮಾನಿಕರು ಎಣಿಸುವ ನಾಟಿಕಲ್ ಮೈಲಿಯಲ್ಲಿ 112. ನಕ್ಷೆಯ ಮೇಲೆ ಇವೆರಡರ ನಡುವೆ ನೇರ ಗೆರೆ ಎಳೆದು ನೋಡಿರಿ. ಅದು ಪುತ್ತೂರಿನ ಉತ್ತರಕ್ಕೆ ಹಾದು, ಕಡಬದ ನೆತ್ತಿಯ ಮೇಲೆ ಸಾಗಿ, ಕುಕ್ಕೆ ಸುಬ್ರಹ್ಮಣ್ಯದ ಬಳಿ ಘಟ್ಟವನ್ನು ದಾಟುತ್ತದೆ. ಅಂದರೆ ಕಡಬದವರು ಮೊದಲು ಎರಡು ಗಂಟೆಗೂ ಮಿಗಿಲಾಗಿ ಪಶ್ಚಿಮಕ್ಕೆ ಪಯಣಿಸಿ, ಬಳಿಕ ತಮ್ಮ ಮನೆಯ ಹೆಂಚಿನ ಮೇಲಿಂದಲೇ ಹಾರಿ ಮರಳಬೇಕು!

ಮಂಡಕಳ್ಳಿಯ ಓಡುದಾರಿಯ ಉದ್ದ 1,740 ಮೀಟರು. ಆದ್ದರಿಂದ ಅಲ್ಲಿ ಇಳಿಯುತ್ತ ಬಂದಿರುವುದು ಸುಮಾರು 70 ಆಸನಗಳ, ಪಂಖಗಳುಳ್ಳ ಎಟಿಆರ್ ವಿಮಾನ. ಗಂಟೆಗೆ ಸುಮಾರು 500 ಕಿ.ಮೀ. ವೇಗದ ಆ ವಿಮಾನಕ್ಕೆ ಈ ದೂರ ಲೆಕ್ಕದಂತೆ 25 ನಿಮಿಷದ್ದು. ಓಡುದಾರಿಗೆ ಸಾಗುವುದು, ಮೇಲೇರುವುದು, ಇಳಿಯಲು ಸರದಿ ಕಾಯುವುದು ಸೇರಿ ಒಂದು ಗಂಟೆಯಾಗುತ್ತದೆ. ಅಲಯನ್ಸ್ ಏರ್ ಸಂಸ್ಥೆ 2020ರ ಡಿಸೆಂಬರಿನಲ್ಲಿ ಈ ಎರಡು ನಗರಗಳ ನಡುವೆ ಇಂಥ ಸಂಚಾರವನ್ನು ಆರಂಭಿಸಿತ್ತು. ಅದು ನಿತ್ಯದ ಸೇವೆಯಾಗಿರಲಿಲ್ಲ.

ಈಗ ಮನೆಯ ಲೆಕ್ಕವನ್ನು ಹಾಕೋಣ. ಸುಳ್ಯದಿಂದ ಬಜ್ಪೆಗೆ ಎರಡೂವರೆ ಗಂಟೆ. ಅಲ್ಲಿ ತಪಾಸಣೆಗೆ ಒಂದೂವರೆ ಗಂಟೆ ಮುಂಚಿತವಾಗಿ ಇರಬೇಕು. ಹಾರಾಟ ಒಂದು ಗಂಟೆ, ಇಳಿದು ಮೈಸೂರು ಸೇರಲು ಅರ್ಧ ಗಂಟೆ. ಒಟ್ಟು ಐದೂವರೆ ಗಂಟೆ. ಸಂಪಾಜೆ, ಮಡಿಕೇರಿಗಳ ಮೂಲಕ ಸುಮಾರು 170 ಕಿ.ಮೀ. ರಸ್ತೆಯನ್ನು ಕಾರು ನಾಲ್ಕು ಗಂಟೆಯಲ್ಲಿ ಮುಗಿಸುತ್ತದೆ! ಪುತ್ತೂರಿನವರಿಗೆ ಎರಡೂ ಹೆಚ್ಚುಕಡಿಮೆ ಸಮವಾದೀತು. ಮಂಡಕಳ್ಳಿ ನಂಜನಗೂಡು ರಸ್ತೆಯಲ್ಲೇ ಇರುವುದು ಸುತ್ತೂರಿಗೆ ಹೋಗುವವರಿಗೊಂದು ಅನುಕೂಲ. ಮೊಣಕಾಲು ನೋವಿನ ಹಿರಿಯರಿಗೆ ಗಂಟೆಯ ಲೆಕ್ಕಕ್ಕಿಂತ ಮಡಿಕೇರಿಯ ತಿರುವುಗಳು ತಪ್ಪಿದುದೇ ದೊಡ್ಡದು ಎಂಬುದನ್ನೂ ಒಪ್ಪಬೇಕು. ಮುಂಬಯಿಯಂತಹ ದೂರಕ್ಕಾದರೋ ವಾದವೇ ಇಲ್ಲ. ಬಜ್ಪೆಯಿಂದ ಆಕಾಶದಲ್ಲಿ ಸುಮಾರು 710 ಕಿ.ಮೀ.; ರೈಲಿನ ಒಂದು ರಾತ್ರಿ ಉಳಿಯುತ್ತದೆ.

ಆದರೆ ಮಳೆಗಾಲ ಈ ಲೆಕ್ಕವನ್ನೆಲ್ಲ ಬುಡಮೇಲು ಮಾಡಬಲ್ಲುದು. 2018ರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡ ಕುಸಿದು ಮಡಿಕೇರಿ ರಸ್ತೆ ಕಡಿದುಹೋಯಿತು. ಶಿರಾಡಿಯಲ್ಲೂ ಸಂಚಾರ ನಿಂತಿತು. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಹಳಿಗಳ ಮೇಲೆ ಮಣ್ಣು ಬಿದ್ದು ರೈಲು ವಾರಗಟ್ಟಲೆ ಓಡಲಿಲ್ಲ. 2024ರ ಜುಲೈನಲ್ಲಿ ಎಡಕುಮೇರಿಯ ಬಳಿ ಮತ್ತೆ ಹಳಿಯ ಕೆಳಗಿನ ಮಣ್ಣು ಜಾರಿತು. ಘಟ್ಟದ ಮೇಲಿನ ದೊಡ್ಡ ಆಸ್ಪತ್ರೆಗೆ ರೋಗಿಯನ್ನು ಒಯ್ಯಬೇಕಾದ ಮನೆಗೆ ಅಂಥ ದಿನ ಐದೂವರೆ ಗಂಟೆ ಎಂಬುದು ಹೆಚ್ಚಲ್ಲ.

ಅದೇ ಮಳೆಯಲ್ಲಿ ಗುಡ್ಡದ ನೆತ್ತಿಯ ಬಜ್ಪೆಯನ್ನೂ ಮೋಡ ಮುಚ್ಚುತ್ತದೆ. ಇಳಿಯಲಾಗದ ವಿಮಾನಗಳು ಬೆಂಗಳೂರಿಗೋ ಕೊಚ್ಚಿಗೋ ತಿರುಗುವುದುಂಟು. ಆದುದರಿಂದ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮುಹೂರ್ತದ ದಿನದ ಬೆಳಗಿನ ವಿಮಾನವನ್ನು ನಂಬದೆ, ಹಿಂದಿನ ದಿನವೇ ಹೊರಡುವುದು ಒಳಿತು. ಚಿಕ್ಕ ನಿಲ್ದಾಣಗಳ ಸಂಚಾರ ಋತುವಿಗೊಮ್ಮೆ ಬದಲಾಗುವುದರಿಂದ, ಆ ದಿನ ವಿಮಾನ ಇದೆಯೇ ಎಂಬುದನ್ನು ಲಗ್ನಪತ್ರಿಕೆ ಕೈಸೇರಿದಾಗಲೇ ವಿಚಾರಿಸಿಕೊಳ್ಳಿರಿ.