ಎರಡೂ ಕಣ್ಣಿಗೆ ಒಂದೇ ದಿನ ಆಪರೇಷನ್?

ದಂಡಿಗನಹಳ್ಳಿ ಕಡೆಯ ಅಜ್ಜಿಯೊಬ್ಬರಿಗೆ ಪೊರೆ ತೆಗೆಸಬೇಕೆಂದರೆ ಕೆಲಸ ಕೆಡುವುದು ಅವರೊಬ್ಬರದ್ದಲ್ಲ. ಹಾಸನಕ್ಕೆ ಜೊತೆಗೆ ಹೋಗಲು ಮಗನೋ ಸೊಸೆಯೋ ಬೇಕು, ಹಾಲು ಕರೆದು ಡೈರಿಗೆ ಹಾಕಲು ಇನ್ನೊಬ್ಬರು ಬೇಕು. ಒಂದು ಕಣ್ಣಾಯಿತು ಅನ್ನುವಷ್ಟರಲ್ಲಿ ಇನ್ನೊಂದಕ್ಕೆ ಮತ್ತದೇ ಓಡಾಟ. 'ಸುಗ್ಗಿ ಕಳೀಲಿ' ಅನ್ನುತ್ತ ಆ ಎರಡನೇ ಕಣ್ಣು ಹಾಗೇ ಉಳಿದುಬಿಡುವುದೂ ಉಂಟು. ಎರಡನ್ನೂ ಒಂದೇ ದಿನ ಮುಗಿಸಿದರಾಗದೆ?

ಡಾಕ್ಟರುಗಳ ದೊಡ್ಡ ಹೆದರಿಕೆ ಕಣ್ಣಿನೊಳಗಿನ ಸೋಂಕಿನದು. ಬರುವುದು ಅಪರೂಪ, ಬಂದರೆ ದೃಷ್ಟಿಯನ್ನೇ ಕಿತ್ತುಕೊಳ್ಳಬಹುದು. ಅಮೆರಿಕದಲ್ಲಿ 50 ಲಕ್ಷಕ್ಕೂ ಹೆಚ್ಚು ಜನರ ದಾಖಲೆ ಹುಡುಕಿದಾಗ, ಒಂದೇ ದಿನ ಮಾಡಿಸಿದರೂ ಬೇರೆ ದಿನ ಮಾಡಿಸಿದರೂ ಸೋಂಕು ಹತ್ತು ಸಾವಿರಕ್ಕೆ ಸುಮಾರು 6 ಮಾತ್ರ. ನೆದರ್ಲೆಂಡ್ಸಿನ 10 ಆಸ್ಪತ್ರೆಗಳಲ್ಲಿ 865 ಜನರ ಮೇಲೆ ನಡೆದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಒಂದೇ ದಿನ ಮಾಡಿಸಿಕೊಂಡವರಿಗೂ ಬೇರೆ ದಿನ ಮಾಡಿಸಿಕೊಂಡವರಿಗೂ ಕನ್ನಡಕದ ನಂಬರು ಹೆಚ್ಚುಕಡಿಮೆ ಒಂದೇ ತೆರನಾಗಿ ಸರಿಹೊಂದಿತ್ತು. ಸೋಂಕು ಯಾರಿಗೂ ಆಗಿರಲಿಲ್ಲ.

ಆದರೆ ನಮಗೆ ನಮ್ಮದೇ ನೆನಪೊಂದಿದೆ. 2019ರ ಜುಲೈನಲ್ಲಿ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಪೊರೆ ತೆಗೆಸಿಕೊಂಡ 20ಕ್ಕೂ ಹೆಚ್ಚು ಮಂದಿಯ ಕಣ್ಣಿಗೆ ತೊಂದರೆಯಾಯಿತು, ಕೆಲವರ ದೃಷ್ಟಿಯೇ ಹೋಯಿತು. ಸಂಶಯ ಬಿದ್ದದ್ದು ಆಪರೇಷನ್ ವೇಳೆ ಕಣ್ಣಿನೊಳಗೆ ತುಂಬುವ ಅಂಟುದ್ರವದ ಮೇಲೆ. ಅಂಥ ಒಂದೇ ಬ್ಯಾಚಿನ ಔಷಧ ಒಬ್ಬರ ಎರಡೂ ಕಣ್ಣಿಗೆ ಹೋದರೆ?

ಅದಕ್ಕೇ ಒಂದೇ ದಿನ ಎರಡೂ ಕಣ್ಣು ಮಾಡುವ ಡಾಕ್ಟರುಗಳು ಎಡಗಣ್ಣು, ಬಲಗಣ್ಣುಗಳನ್ನು ಇಬ್ಬರು ಬೇರೆ ರೋಗಿಗಳದ್ದೆಂದೇ ಎಣಿಸುತ್ತಾರೆ. ಕೈಗವಸು, ಗೌನು ಬದಲಾಗಬೇಕು. ಉಪಕರಣಗಳ ಟ್ರೇ ಬೇರೆ ಸಲ ಕಾಯಿಸಿ ಶುದ್ಧಮಾಡಿದ್ದಾಗಿರಬೇಕು. ಸಾಧ್ಯವಾದಷ್ಟೂ ದ್ರವಗಳು ಬೇರೆ ಬ್ಯಾಚಿನವಾಗಿರಬೇಕು. ಮೊದಲ ಕಣ್ಣಿನಲ್ಲಿ ಏನಾದರೂ ಎಡವಟ್ಟಾದರೆ ಎರಡನೆಯದನ್ನು ಅಂದು ಮುಟ್ಟುವಂತಿಲ್ಲ. ರೆಪ್ಪೆಯಲ್ಲಿ ಕೀವಿದ್ದವರಿಗೆ, ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲ ಕೆಟ್ಟವರಿಗೆ ಇದು ಹೊಂದುವುದಿಲ್ಲ. ಇನ್ನೊಂದು ನಷ್ಟವೂ ಇದೆ: ಮೊದಲ ಕಣ್ಣಿನ ಲೆನ್ಸಿನ ಲೆಕ್ಕ ತಪ್ಪಿದ್ದರೆ, ಅದನ್ನು ನೋಡಿ ಎರಡನೆಯದಕ್ಕೆ ತಿದ್ದಿಕೊಳ್ಳುವ ಅವಕಾಶ ಕೈತಪ್ಪುತ್ತದೆ.

ಇಷ್ಟೆಲ್ಲ ಶಿಸ್ತು ಇರುವ ಆಸ್ಪತ್ರೆಯಾದರೆ, ಪದೇಪದೇ ಬರಲಾಗದ ಅಜ್ಜಿಗೆ ಇದು ಅನುಕೂಲವೇ. ಸಾಲುಗಟ್ಟಿದ ಶಿಬಿರದಲ್ಲಿ ಮಾತ್ರ ನಾನು ಬೇಡವೆನ್ನುತ್ತೇನೆ. ಒಪ್ಪುವ ಮುಂಚೆ 'ಎರಡನೇ ಕಣ್ಣಿಗೆ ಔಷಧದ ಬ್ಯಾಚು ಬೇರೆ ತಾನೇ?' ಎಂದು ಕೇಳಿ. ಒಂದೇ ಕಣ್ಣಾಗಲಿ, ಎರಡೂ ಆಗಲಿ, ಮನೆಗೆ ಬಂದ ಮೇಲೆ ನೋವು ಹೆಚ್ಚಿ, ಕಣ್ಣು ಕೆಂಪಾಗಿ, ನೋಟ ಮಬ್ಬಾದರೆ ಬೆಳಗಿನ ಬಸ್ಸಿಗೆ ಕಾಯಬೇಡಿ. ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.